ಮೈಕಿನ ದನಿಯ ಹಿಂದಿನ ಇತಿಹಾಸ

ದತ್ತ ಜಯಂತಿ ಬಂತೆಂದರೆ ನಮ್ಮ ಗಾಣಗಾಪುರದಲ್ಲಿ ಮೈಕಿನ ದನಿ ಕೇಳದ ಓಣಿಯಿಲ್ಲ. ಸಣ್ಣ ದನಿಯನ್ನು ದೊಡ್ಡದು ಮಾಡುವ ಆ ಪೆಟ್ಟಿಗೆಯೇ ಆಂಪ್ಲಿಫೈಯರ್, ಅಂದರೆ ವರ್ಧಕ. ದನಿಯನ್ನು ಹಿಗ್ಗಿಸುವುದು ಒಂದು ವಿದ್ಯೆ. ಹಿಗ್ಗಿದರೂ ಮಾತು ಕೆಡದಂತೆ ಕಾಯುವುದು ಇನ್ನೊಂದು. ಎರಡನೆಯದು ಮನುಷ್ಯನ ಕೈಗೆ ಬಂದದ್ದು ತಡವಾಗಿ.

1915ರಲ್ಲಿ ಅಮೆರಿಕದ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ದೂರವಾಣಿ ಮಾತು ಹರಿಯಿತು. ದಾರಿಯಲ್ಲಿ ಸೊರಗುವ ದನಿಗೆ ವಾಲ್ವ್ ವರ್ಧಕಗಳು ಬಲ ಕೊಡುತ್ತಿದ್ದವು. ಆದರೆ ಪ್ರತಿ ವರ್ಧಕವೂ ತನ್ನದೊಂದಿಷ್ಟು ವಿಕಾರವನ್ನು ಸೇರಿಸುತ್ತಿತ್ತು. ವರ್ಧಕಗಳ ಸಂಖ್ಯೆ ಹೆಚ್ಚಿದಂತೆ ಮಾತು ಕಲಸಿಹೋಗುತ್ತಿತ್ತು.

ಈ ತೊಡಕಿನ ಬೆನ್ನುಹತ್ತಿದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರ ಮುಂಜಾನೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಅವರಿಗೆ ಉತ್ತರ ಹೊಳೆಯಿತು. ಕೈಯಲ್ಲಿದ್ದ ದಿನಪತ್ರಿಕೆಯ ಮೇಲೆಯೇ ಚಿತ್ರ ಬರೆದರು. ಹೊರಬಂದ ಸಂಕೇತದ ಒಂದು ಪಾಲನ್ನು ಹಿಂದಕ್ಕೆ ತಂದು, ಒಳಬರುವ ಸಂಕೇತದಿಂದ ಕಳೆಯಬೇಕು ಎಂಬುದೇ ಆ ಉಪಾಯ. ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಂದು ಹೆಸರು.

ಲೆಕ್ಕ ಸರಳವಾಗಿದೆ. ವರ್ಧಕವೊಂದು 10,000 ಪಟ್ಟು ಹಿಗ್ಗಿಸುತ್ತದೆ ಎನ್ನಿ. ಹೊರಬಂದದ್ದರಲ್ಲಿ ನೂರನೇ ಒಂದು ಪಾಲನ್ನು ಹೀಗೆ ಕಳೆದರೆ ಒಟ್ಟು ವೃದ್ಧಿ 99 ಪಟ್ಟಿಗೆ ಇಳಿಯುತ್ತದೆ. ಇದು ನಷ್ಟವೇ. ಆದರೆ ವಾಲ್ವ್ ಹಳತಾಗಿ 10,000 ಇದ್ದದ್ದು 5,000ಕ್ಕೆ ಕುಸಿದರೂ ಒಟ್ಟು ವೃದ್ಧಿ 98ರಲ್ಲಿ ನಿಲ್ಲುತ್ತದೆ. ಒಳಗೆ ಹುಟ್ಟುವ ವಿಕಾರ ಸುಮಾರು ನೂರನೇ ಒಂದು ಪಾಲಿಗೆ ತಗ್ಗುತ್ತದೆ. ತಗ್ಗು ಸ್ವರ, ಏರು ಸ್ವರ ಎರಡೂ ಹೆಚ್ಚುಕಡಿಮೆ ಸಮನಾಗಿ ಹೊರಬರುತ್ತವೆ.

ಕಷ್ಟಪಟ್ಟು ಗಳಿಸಿದ ವೃದ್ಧಿಯನ್ನು ಬೇಕೆಂದೇ ಬಿಟ್ಟುಕೊಡುವುದನ್ನು ಬಹಳ ಜನ ನಂಬಲಿಲ್ಲ. 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ! ಅಷ್ಟರಲ್ಲಿ, 1935ರಲ್ಲಿ, ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ್ದರು. 1966ರಲ್ಲಿ ನಮ್ಮ ಕಲಬುರಗಿಗೂ ಆಕಾಶವಾಣಿ ಬಂತು. ದನಿ ಕೆಡದಂತೆ ಕಾಯುವ ಈ ಉಪಾಯ ಮುಂದೆ ರೇಡಿಯೊ, ಟೇಪ್ ರೆಕಾರ್ಡರ್, ಮೈಕ್ ಸೆಟ್‌ಗಳ ವರ್ಧಕಗಳಿಗೆಲ್ಲ ರೂಢಿಯಾಯಿತು.

ಇದರಲ್ಲೊಂದು ಅಪಾಯವೂ ಇದೆ. ಹಿಂದಿರುಗುವ ಸಂಕೇತ ದಾರಿಯಲ್ಲಿ ತಡವಾದರೆ, ಕಳೆಯಬೇಕಾದದ್ದು ಕೂಡಿಬಿಡುತ್ತದೆ. ಆಗ ವರ್ಧಕ ತಾನೇ ಕೂಗತೊಡಗುತ್ತದೆ. ಇದನ್ನು ಮೊದಲೇ ಅಳೆಯುವ ನಿಯಮವನ್ನು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಕೊಟ್ಟರು.

ಅಂಥದೇ ಕೂಗನ್ನು ನಾವೆಲ್ಲ ಕೇಳಿದ್ದೇವೆ. ಶಾಲೆಯ ಗ್ಯಾದರಿಂಗಿನಲ್ಲಿ ನಾನು ಭಾಷಣಕ್ಕೆ ನಿಂತಾಗ ಮೈಕ್ ಕಿರ್ರೆಂದು ಚೀರಿತು, ಕಲಿತದ್ದೆಲ್ಲ ಮರೆತುಹೋಯಿತು. ತಪ್ಪು ನನ್ನದೆಂದೇ ಎಷ್ಟೋ ವರ್ಷ ತಿಳಿದಿದ್ದೆ. ಹಾರ್ನಿನ ದನಿ ಮತ್ತೆ ಮೈಕಿಗೆ ಹೊಕ್ಕು, ಕೂಡುತ್ತಾ ಕೂಡುತ್ತಾ ಚೀರಿತ್ತೆಂದು ಆಮೇಲೆ ತಿಳಿಯಿತು. ಇಂದಿನ ಮಕ್ಕಳೇ, ಮೈಕ್ ಚೀರಿದರೆ ಅಂಜಬೇಡಿರಿ. ಅದನ್ನು ಹಾರ್ನಿನ ಎದುರಿನಿಂದ ಸರಿಸಿ, ವಾಲ್ಯೂಮ್ ತುಸು ಇಳಿಸಿ, ನಿಮ್ಮ ಮಾತು ಮುಂದುವರಿಸಿರಿ.