ಚಾಕಲೇಟ್ ಚೂರಿನ ಬಿಸ್ಕತ್ತು ಎಲ್ಲಿಂದ ಬಂತು?

ಮೊನ್ನೆ ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹಾಕಿ ಮಗಳಿಗೆ ಚಾಕಲೇಟ್ ಚಿಪ್ ಕುಕ್ಕಿ ಬೇಯಿಸ್ತಿದ್ದೆ. ಅತ್ತೆ ನೋಡಿ, "ಇದೆಲ್ಲ ಫಾರಿನ್ನಿನವರ ತಿಂಡಿ, ನಮಗ್ಯಾಕೆ?" ಅಂದ್ರು.

ಅತ್ತೆ ಮಾತು ಅರ್ಧ ನಿಜ. ಇದು ಹುಟ್ಟಿದ್ದು ಅಮೆರಿಕದಲ್ಲೇ. ಮ್ಯಾಸಚೂಸೆಟ್ಸಿನ ವಿಟ್‌ಮನ್ ಊರಲ್ಲಿ ಹೋಟ್ಲು ನಡೆಸ್ತಿದ್ದ ರೂತ್ ವೇಕ್‌ಫೀಲ್ಡ್ ಅನ್ನೋರು ಚಾಕಲೇಟ್ ಬಾರನ್ನ ಚೂರು ಮಾಡಿ ಹಿಟ್ಟಿಗೆ ಕಲಸಿದ್ರು. 1938ರಲ್ಲಿ ಅದು ಅವರ ಅಡುಗೆ ಪುಸ್ತಕದಲ್ಲಿ ಅಚ್ಚಾತು.

ಇನ್ನರ್ಧ ಕಥೆ ನಮ್ಮ ಕಡೇದು. ಅಡಿಕೆ ರೇಟು ಬಿದ್ರೆ ಮನೆ ಹೆಂಗಾಗ್ತದೆ ಅಂತ ಸೊರಬ, ಶಿಕಾರಿಪುರದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಕಷ್ಟ ಕಂಡ ಕರಾವಳಿ, ಕಾಸರಗೋಡಿನ ಬೆಳೆಗಾರರಿಗಾಗಿ 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಘ ಹುಟ್ಟಿತು. ಮುಂದೆ ಅಡಿಕೆ ಮರದ ನೆರಳಲ್ಲಿ ಬೆಳೆದ ಕೋಕೋಗೂ ಕೊಳ್ಳೋರಿಲ್ದಂಗಾದಾಗ ಸಂಘವೇ ಕೊಂಡಿತು. 1986ರಲ್ಲಿ ಪುತ್ತೂರಲ್ಲಿ ಚಾಕಲೇಟ್ ಕಾರ್ಖಾನೆ ಶುರುವಾತು.

ನಾನು ಹೆಚ್ಚಿ ಹಾಕಿದ್ದೂ ಅಲ್ಲಿನ ಬಾರೇ. ಇದನ್ನ ಹೇಳಿದ್ಮೇಲೆ ಅತ್ತೆ, "ಹಂಗಾರೆ ಅಡಿಕೆ ತೋಟದ್ದೇ ಆತಲ್ಲ" ಅಂತ ಎರಡು ತಗೊಂಡು, ಹಾಲಲ್ಲಿ ಅದ್ದಿ ತಿಂದ್ರು.