ಗಾಜಿನ ಚೀಟಿಯೂ ರಾತ್ರಿಯ ಲಾರಿಯೂ: ಹೇರೋಹಳ್ಳಿಯ ನೆಲೆಯಿಂದ ಒಂದು ಪರಿಶೀಲನೆ

ಬೆಂಗಳೂರಿನ ಮಾಗಡಿ ರಸ್ತೆಯ ಹೇರೋಹಳ್ಳಿಗೆ ಒಂದು ಬದಿಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ, ಇನ್ನೊಂದು ಬದಿಯಲ್ಲಿ ತುಮಕೂರು ರಸ್ತೆಯನ್ನು ಹೊಸೂರು ರಸ್ತೆಗೆ ಕೂಡಿಸುವ ನೈಸ್ ರಸ್ತೆ. ಸರಕಿನ ದಾರಿಯೂ ವಾಸದ ಮನೆಗಳೂ ಇಷ್ಟು ಹತ್ತಿರವಿರುವ ಕಡೆ ಲಾರಿಯ ಹೊಗೆ ಮತ್ತು ಸದ್ದನ್ನು ಕಾನೂನು ಹೇಗೆ ಗುರುತಿಸುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಹೊಗೆಯ ಮಟ್ಟಿಗೆ ಗುರುತು ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯಕ್ಕೆ ಒಪ್ಪಿದ, ಇಂಧನವನ್ನು ಸೂಚಿಸುವ ಮುಂಗಾಜಿನ ಬಣ್ಣದ ಚೀಟಿ ಈಗ ಅತಿ ಭದ್ರತೆಯ ನೋಂದಣಿ ಫಲಕದ, ಅಂದರೆ ಎಚ್‌ಎಸ್‌ಆರ್‌ಪಿ ವ್ಯವಸ್ಥೆಯ ಭಾಗ. ಡೀಸೆಲ್‌ಗೆ ಕಿತ್ತಳೆ, ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ; ಬಿಎಸ್–6 (ಭಾರತ್ ಸ್ಟೇಜ್ ಹೊಗೆ ಮಾನದಂಡದ ಆರನೇ ಹಂತ) ವಾಹನವಾದರೆ ಮೇಲೊಂದು ಹಸಿರು ಪಟ್ಟಿ. ಭಾರಿ ಲಾರಿಗಳಲ್ಲಿ ಬಹುಪಾಲು ಡೀಸೆಲ್‌ನವೇ ಆದ್ದರಿಂದ ಕಿತ್ತಳೆ ಬಣ್ಣ ಒಂದು ಲಾರಿಯಿಂದ ಇನ್ನೊಂದನ್ನು ಬೇರ್ಪಡಿಸುವುದಿಲ್ಲ. ಮಾಹಿತಿ ಇರುವುದೆಲ್ಲ ಆ ಹಸಿರು ಪಟ್ಟಿಯಲ್ಲಿ. 2008ರ ಜನವರಿಯಲ್ಲಿ ಜರ್ಮನಿಯ ಬರ್ಲಿನ್, ಕಲೋನ್, ಹ್ಯಾನೋವರ್‌ಗಳು ಹೊಗೆಯ ಮಟ್ಟ ಸೂಚಿಸುವ ಚೀಟಿಯಿಲ್ಲದ ವಾಹನಕ್ಕೆ ನಗರದ ಒಳವಲಯವನ್ನೇ ಮುಚ್ಚಿದವು. ಬೆಂಗಳೂರಿನಲ್ಲಿ ಹಸಿರು ಪಟ್ಟಿ ನೋಡಿ ಯಾವ ರಸ್ತೆಯೂ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ.

ಚೀಟಿ ಹೇಳುವುದು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯನ್ನು ಮಾತ್ರ. ಈ ಮಿತಿ ಯುರೋಪಿನ ಚೀಟಿಗೂ ಉಂಟು. ಇಂದಿನ ಸ್ಥಿತಿಗೆ ಎಮಿಷನ್ ಟೆಸ್ಟ್ ಬೇಕು. ಆದರೆ ಡೀಸೆಲ್ ವಾಹನವನ್ನು ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ಮಾಡುವ ಆ ಪರೀಕ್ಷೆ ಅಳೆಯುವುದು ಹೊಗೆಯ ದಟ್ಟಣೆಯನ್ನಷ್ಟೆ. ನೈಟ್ರೋಜನ್ ಆಕ್ಸೈಡ್‌ಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಬಿಎಸ್–6 ಲಾರಿಯಲ್ಲಿ ಈ ಆಕ್ಸೈಡುಗಳನ್ನು ತಗ್ಗಿಸುವ ಯೂರಿಯಾ ವ್ಯವಸ್ಥೆ ಕೆಟ್ಟು ನಿಂತಿದ್ದರೂ ಲಾರಿ ಪಾಸಾಗಬಲ್ಲದು.

ಸದ್ದಿನ ವಿಷಯದಲ್ಲಿ ನಮ್ಮಲ್ಲಿ ಗುರುತೇ ಇಲ್ಲ. ಹೆಚ್ಚು ಚಿಂತಿಸಬೇಕಾದದ್ದು ಇಲ್ಲಿ. ಆಸ್ಟ್ರಿಯಾದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ 7.5 ಟನ್ ಮೀರಿದ ಲಾರಿಗಳಿಗೆ ನಿಷೇಧವಿದೆ. ಕಡಿಮೆ ಸದ್ದಿನದೆಂದು ಪ್ರಮಾಣಿತವಾಗಿ, ಹಸಿರು ವೃತ್ತದಲ್ಲಿ ಬಿಳಿಯ ‘ಎಲ್’ ಫಲಕ ಹೊತ್ತ ಲಾರಿಗೆ ವಿನಾಯಿತಿ. ಅದೂ ಸಾಮಾನ್ಯವಾಗಿ ಗಂಟೆಗೆ 60 ಕಿ.ಮೀ. ವೇಗದ ಮಿತಿಯೊಳಗೆ. ಅಲ್ಲಿ ರಾತ್ರಿಯ ರಸ್ತೆ ಮೌನಕ್ಕೆ ಸಿಗುವ ಸವಲತ್ತು. ನಮ್ಮಲ್ಲಿ ಕ್ರಮ ತಿರುವುಮುರುವು: ಸಂಚಾರ ದಟ್ಟಣೆ ತಪ್ಪಿಸಲು ಭಾರಿ ಲಾರಿಗಳನ್ನು ಹಗಲು ನಗರದಿಂದ ಹೊರಗಿಟ್ಟು ರಾತ್ರಿ ಒಳಬಿಡುತ್ತೇವೆ. ಹಗಲಿನ ದಟ್ಟಣೆ ಇಳಿಯುತ್ತದೆ, ನಿಜ. ಅದರ ಬೆಲೆ ತೆರುವುದು ರಸ್ತೆಬದಿ ಮನೆಯವರ ನಿದ್ದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಪಡಿಸಿವೆ. 2010ರ ತಿದ್ದುಪಡಿ ವಸತಿ ಪ್ರದೇಶದಲ್ಲಿ ರಾತ್ರಿ ಹಾರ್ನ್ ಹಾಕುವುದನ್ನೇ ನಿಷೇಧಿಸಿದೆ, ಸಾರ್ವಜನಿಕ ತುರ್ತು ಸಂದರ್ಭ ಮಾತ್ರ ಹೊರತು. ಆದರೂ ಲಾರಿಯ ಹಿಂಭಾಗದಲ್ಲಿ ಬರೆದಿರುವುದು ‘ಸೌಂಡ್ ಹಾರ್ನ್’. 2015ರಲ್ಲಿ ಮಹಾರಾಷ್ಟ್ರ ಇಂಥ ಬರಹವನ್ನು ನಿಷೇಧಿಸಿದ್ದು ಸಣ್ಣ ಹೆಜ್ಜೆಯಾದರೂ ಸರಿಯಾದ ಹೆಜ್ಜೆ.

ಹಳೆಯ ಲಾರಿಯೇ ಚಾಲಕನ ಬದುಕಾಗಿರುವಾಗ ಯುರೋಪಿನ ನಿಷೇಧವನ್ನು ಇದ್ದಕ್ಕಿದ್ದಂತೆ ತಂದು ಹೇರುವುದು ನ್ಯಾಯವಲ್ಲ. ಆದರೆ ಸೈಲೆನ್ಸರ್ ಸರಿಪಡಿಸಲು, ಏರ್ ಹಾರ್ನ್ ಬಿಚ್ಚಲು ಹೊಸ ಲಾರಿ ಕೊಳ್ಳಬೇಕಿಲ್ಲ. ಎಫ್‌ಸಿ (ವಾಹನದ ಅರ್ಹತಾ ಪ್ರಮಾಣಪತ್ರ) ನೀಡುವ ಸಮಯದಲ್ಲಿ ಇವೆರಡನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ಪಾಸಾದ ಲಾರಿಗೆ ದೂರದಿಂದಲೇ ಕಾಣುವ ಗುರುತು ಕೊಟ್ಟು, ವಸತಿ ಬಡಾವಣೆಗಳ ಮೂಲಕ ಹಾಯುವ ರಾತ್ರಿ ಪ್ರವೇಶವನ್ನು ಆ ಗುರುತಿಗೆ ಜೋಡಿಸಬೇಕು. ಸಾರಿಗೆ ಇಲಾಖೆಯೂ ಸಂಚಾರ ಪೊಲೀಸರೂ ಕೂಡಿ ಇದನ್ನು ಮೊದಲು ಮಾಗಡಿ ರಸ್ತೆಯಲ್ಲಿ ಪ್ರಯೋಗಿಸಿ ನೋಡಲಿ.