ಬಾಡಿಗೆಯ ಸರ್ವರ್, ಸ್ವಂತದ ಹೆಸರು

ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರ ತನ್ನ ವೆಬ್ ತಂತ್ರಾಂಶವನ್ನು 1993ರ ಏಪ್ರಿಲ್ 30ರಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ವ್ಯಾಪಾರಿಗಳು ಜಾಲತಾಣದತ್ತ ಮುಖ ಮಾಡಿದ್ದು ಅದಾದ ಮೇಲೆ. ಸಣ್ಣ ಅಂಗಡಿಗಳಿಗಂತೂ ಅದು ಕೈಗೆಟುಕುವಂತಿರಲಿಲ್ಲ. ಹಗಲು ರಾತ್ರಿ ಚಾಲೂ ಇರುವ ಸರ್ವರ್, ಅದಕ್ಕೆ ಪ್ರತ್ಯೇಕ ದೂರವಾಣಿ ಮಾರ್ಗ, ನೋಡಿಕೊಳ್ಳಲು ಯುನಿಕ್ಸ್ ಬಲ್ಲವರೊಬ್ಬರು, ಇಷ್ಟೂ ಬೇಕಿತ್ತು. 1995ರ ಸೆಪ್ಟೆಂಬರಿನಿಂದ ಹೆಸರಿಗೂ ಬೆಲೆ ಬಂತು: ಡಾಟ್ ಕಾಂ ವಿಳಾಸವೊಂದಕ್ಕೆ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ಪಡೆಯತೊಡಗಿತು.

ಹಣವಿಲ್ಲದವರಿಗೆ ಜಿಯೋಸಿಟೀಸ್‌ನಂತಹ ಉಚಿತ ತಾಣಗಳಿದ್ದವು. ಪುಟ ಸಿಗುತ್ತಿತ್ತು, ವಿಳಾಸ ಮಾತ್ರ ಕೊಟ್ಟವರದೇ. 1999ರಲ್ಲಿ ಅದನ್ನು ಕೊಂಡ ಯಾಹೂ ಹತ್ತು ವರ್ಷದ ನಂತರ ಬಾಗಿಲು ಹಾಕಿತು. ಅಮೆರಿಕದ ಆ ಉಚಿತ ಪುಟಗಳು ತಮ್ಮ ವಿಳಾಸದಲ್ಲಿ ತೆರೆಯದಾದವು.

ಬೇರೆಯವರ ಸರ್ವರಿನಲ್ಲಿ ಜಾಗ ಬಾಡಿಗೆಗೆ ಪಡೆಯುವ ಹೋಸ್ಟಿಂಗ್ ಅಗ್ಗವಾದದ್ದರ ಹಿಂದೆ ಒಂದೇ ಒಂದು ಸಾಲಿನ ಪಾಲು ದೊಡ್ಡದು. ಹಳೆಯ ಎಚ್‌ಟಿಟಿಪಿ ಪದ್ಧತಿಯಲ್ಲಿ ಬ್ರೌಸರ್ ‘ಈ ಪುಟ ಕೊಡು’ ಎಂದಷ್ಟೇ ಕೇಳುತ್ತಿತ್ತು. ಯಾವ ತಾಣದ ಪುಟ ಎಂದು ಹೇಳುವ ಕಟ್ಟಳೆ ಇರಲಿಲ್ಲ. ಹಾಗಾಗಿ ಪ್ರತಿ ತಾಣಕ್ಕೂ ಬೇರೆ ಐಪಿ ವಿಳಾಸ ಬೇಕಾಗುತ್ತಿತ್ತು. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ಕೋರಿಕೆಯಲ್ಲಿ ‘ಹೋಸ್ಟ್’ ಎಂಬ ಸಾಲನ್ನು ಕಡ್ಡಾಯ ಮಾಡಿತು. ಅದರಲ್ಲಿ ತಾಣದ ಹೆಸರೇ ಇರುವುದರಿಂದ ಒಂದು ಯಂತ್ರ, ಒಂದು ಐಪಿ ವಿಳಾಸ ನೂರಾರು ಅಂಗಡಿಗಳಿಗೆ ಸಾಕಾಯಿತು. ಸರ್ವರ್ ನಡೆಸಲು ಅಪಾಚೆ ತಂತ್ರಾಂಶ ಪುಕ್ಕಟೆ ಸಿಗುತ್ತಿತ್ತು. ಇಮೇಲ್, ಕಡತ, ಪಾಸ್‌ವರ್ಡ್‌ಗಳನ್ನು ಗುಂಡಿ ಒತ್ತಿ ನಿಭಾಯಿಸಲು 1996ರಲ್ಲಿ ಸಿಪ್ಯಾನೆಲ್ ಬಂದಿತ್ತು. ಕಡತ ಸಾಗಿಸುವ ಎಫ್‌ಟಿಪಿ ಮೂಲಕ ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರಿಗೆ ‘ಇಂಡೆಕ್ಸ್’ ಕಡತ ಸೇರಿಸಿದರೆ ತಾಣ ತೆರೆದಂತೆಯೇ. 2003ರ ಮೇ 27ರಂದು ವರ್ಡ್‌ಪ್ರೆಸ್ ಬಿಡುಗಡೆಯಾಯಿತು. ಬ್ಲಾಗಿಗೆಂದು ಹುಟ್ಟಿದ ಅದು ಬರಬರುತ್ತ ಎಚ್‌ಟಿಎಂಎಲ್ ಗೊತ್ತಿಲ್ಲದ ಅಂಗಡಿಯವರ ಕೈಗೂ ಬಂತು.

ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕ ಇಂಟರ್ನೆಟ್ ಸೇವೆ ತೆರೆದದ್ದು 1995ರ ಆಗಸ್ಟ್ 15ರಂದು. ಡಾಟ್ ಇನ್ ಹೆಸರುಗಳು ಮುಕ್ತವಾಗಿ ಸಿಗಲು ಮಾತ್ರ 2005ರವರೆಗೆ ಕಾಯಬೇಕಾಯಿತು. ಕನ್ನಡದಲ್ಲಿ ತಾಣ ಮಾಡುವವರಿಗೆ ಇನ್ನೊಂದು ತೊಡಕಿತ್ತು. ತಂತ್ರಾಂಶಕ್ಕೊಂದು ಬಗೆಯ ಫಾಂಟ್ ಇದ್ದ ಆ ದಿನಗಳಲ್ಲಿ ಓದುಗರ ಗಣಕದಲ್ಲೂ ಅದೇ ಫಾಂಟ್ ಇರಬೇಕಿತ್ತು. ಇಲ್ಲದಿದ್ದರೆ ಸೀರೆಯ ದರಪಟ್ಟಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಅಂಕಿಗಳಷ್ಟೇ ಸರಿಯಾಗಿ ಬರುತ್ತಿದ್ದವು! ಈ ತೊಡಕು ನೀಗಿಸಬಲ್ಲ ಯುನಿಕೋಡ್ ಅಕ್ಷರಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇತ್ತು. ಸಾಮಾನ್ಯ ಬಳಕೆದಾರರಿಗೆ ಅದು ದಕ್ಕಿದ್ದು ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ.

ಹೆಸರು, ಹೋಸ್ಟಿಂಗ್ ಅಲ್ಲದೆ ಇನ್ನೊಂದು ಖರ್ಚು ತಾಣದ ಭದ್ರತಾ ಪ್ರಮಾಣಪತ್ರದ್ದು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು.

ಇಷ್ಟು ಅಗ್ಗವಾದ ಮೇಲೂ ಪುಕ್ಕಟೆಯ ಸೆಳೆತ ತಗ್ಗಲಿಲ್ಲ. ಗೂಗಲ್ 2017ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಉಚಿತ ತಾಣ ಕಟ್ಟಿಕೊಡುವ ಸೇವೆ ಆರಂಭಿಸಿತು. 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಜಿಯೋಸಿಟೀಸ್ ಕಲಿಸಿದ ಪಾಠವನ್ನು ಹಲವರು ನೆನಪಿಟ್ಟಿರಲಿಲ್ಲ. ಸ್ವಂತ ಡೊಮೇನ್ ಹೆಸರು ಇದ್ದವರು ಅದನ್ನು ಬೇರೊಂದು ಸರ್ವರಿನತ್ತ ತಿರುಗಿಸಿಕೊಳ್ಳಬಹುದಿತ್ತು. ‘ಬಿಸಿನೆಸ್ ಡಾಟ್ ಸೈಟ್’ ಎಂದು ಮುಗಿಯುವ ಉಚಿತ ವಿಳಾಸಗಳು ಜೂನ್ 10ರವರೆಗೆ ಗೂಗಲ್‌ನ ವ್ಯಾಪಾರ ಪುಟಕ್ಕೆ ದಾರಿ ತೋರಿಸಿದವು, ಆಮೇಲೆ ತೆರೆಯಲಿಲ್ಲ.